ಊಟ ಬಲ್ಲವನಿಗೆ ರೋಗವಿಲ್ಲ, ಬಲ್ಲವನು ಯಾರು?

ನಮ್ಮ ಖೋಲಿಯಲ್ಲಿ ಐದು ಮಂದಿ, ಒಲೆ ಒಂದೇ. ಆದರೆ ಪಥ್ಯಗಳು ಐದು! ಒಬ್ಬನು ಮೊಟ್ಟೆಯ ಹಳದಿಯನ್ನು ತೆಗೆದು ಚೆಲ್ಲುತ್ತಾನೆ. ಇನ್ನೊಬ್ಬನು ಸತ್ವವೆಲ್ಲ ಹಳದಿಯಲ್ಲೇ ಇದೆಯೆಂದು ಅದನ್ನೇ ಬೇಡುತ್ತಾನೆ. ಮೂರನೆಯವನು ಅನ್ನ ಬಿಟ್ಟು ಎರಡು ತಿಂಗಳಾಯಿತು. ಊರಿನಿಂದ ತಾಯಿ ಕಳಿಸಿದ ಕುಚ್ಚಲಕ್ಕಿಯ ಚೀಲ ಮೂಲೆಯಲ್ಲಿ ಬಿದ್ದಿದೆ. ನಾಲ್ಕನೆಯವನು ಹೋಟೆಲಿನಲ್ಲಿ ಹನ್ನೆರಡು ತಾಸು ದುಡಿಯುವ ಹುಡುಗ. ಊರಿಗೆ ಕಳಿಸಬೇಕಾಗಿದ್ದ ಹಣದಲ್ಲಿ ಪ್ರೋಟೀನು ಪುಡಿಯ ಡಬ್ಬಿ ತಂದಿಟ್ಟಿದ್ದಾನೆ. ಐದನೆಯವನು ನಾನು. "ಈ ಡಾಕ್ಟರರು ಇಂದು ಒಂದು ಹೇಳುತ್ತಾರೆ, ನಾಳೆ ಇನ್ನೊಂದು, ಸಿಕ್ಕಿದ್ದನ್ನು ತಿಂದು ಮಲಗುವುದೇ ಲೇಸು" ಎನ್ನುತ್ತಿದ್ದವನು.

ಬಂಧುಗಳೇ, ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿಟ್ಟರು. ಆದರೆ ಇಂದು ಬಲ್ಲವನು ಯಾರು? ಕೈಯಲ್ಲಿರುವ ಫೋನು ಒಂದು ಹೇಳುತ್ತದೆ, ಗೋಡೆಯ ಜಾಹೀರಾತು ಇನ್ನೊಂದು, ದವಾಖಾನೆಯ ಫಲಕ ಮತ್ತೊಂದು. ಈ ಗದ್ದಲದಲ್ಲಿ ಕೆಲವರು ಎಲ್ಲವನ್ನೂ ನಂಬುತ್ತಾರೆ. ನನ್ನಂಥವರು ಯಾವುದನ್ನೂ ನಂಬುವುದಿಲ್ಲ. ಎರಡೂ ಒಂದೇ ಹಳ್ಳಕ್ಕೆ ಬೀಳುವ ದಾರಿಗಳು. ಎಲ್ಲವನ್ನೂ ನಂಬಿದವನು ಡಬ್ಬಿ ಕೊಳ್ಳುತ್ತಾನೆ. ಏನನ್ನೂ ನಂಬದವನು ನಿನ್ನೆಯ ಎಣ್ಣೆಯಲ್ಲಿ ಕರಿದ ವಡೆ ತಿಂದು ಮಲಗುತ್ತಾನೆ. ಇಬ್ಬರಿಂದಲೂ ಲಾಭ ಪಡೆಯುವವನು ವ್ಯಾಪಾರಿ ಒಬ್ಬನೇ.

ಸಲಹೆ ಬದಲಾಗುತ್ತದೆಂಬುದು ಸುಳ್ಳಲ್ಲ. ಆದರೆ ಎಲ್ಲ ಬದಲಾವಣೆಯೂ ಒಂದೇ ಜಾತಿಯದಲ್ಲ. ತಿಳಿವಳಿಕೆ ಬೆಳೆದು ಮಾತು ಬದಲಾಗುವುದು ಒಂದು ಬಗೆ. ಹಣದ ಕೈ ಸೇರಿ ಮಾತು ತಿರುಗುವುದು ಇನ್ನೊಂದು ಬಗೆ. ಇವೆರಡನ್ನು ಬೇರ್ಪಡಿಸಿ ನೋಡದೆ ಇರುವುದೇ ನಮ್ಮ ಗೊಂದಲದ ಮೂಲ.

ಮೊದಲು ಮೊಟ್ಟೆಯ ಮಾತು. 1968ರಲ್ಲಿ ಅಮೆರಿಕದ ಹೃದಯ ಸಂಘವು ವಾರಕ್ಕೆ ಮೂರಕ್ಕಿಂತ ಹೆಚ್ಚು ಹಳದಿ ತಿನ್ನಬೇಡಿರೆಂದಿತು. ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲು ಮಿತಿಯೆಂದಿತು. 2015ರ ಅಮೆರಿಕದ ಆಹಾರ ಮಾರ್ಗದರ್ಶಿಯಲ್ಲಿ ಆ 300ರ ಅಂಕೆಯನ್ನು ಕೈಬಿಟ್ಟರು. ಏಕೆ? ಬಹುಮಂದಿಗೆ ರಕ್ತದ ಕೊಲೆಸ್ಟರಾಲನ್ನು ಏರಿಸುವುದರಲ್ಲಿ ತಿಂದ ಕೊಲೆಸ್ಟರಾಲಿಗಿಂತ ತಿಂದ ಕೊಬ್ಬಿನ ಬಗೆಯೇ ಹೆಚ್ಚಿನದೆಂದು ತಿಳಿದು ಬಂತು. ಇದು ಮೋಸವಲ್ಲ; ತಪ್ಪನ್ನು ತಿದ್ದಿಕೊಳ್ಳುವ ಪ್ರಾಮಾಣಿಕತೆ. ಸಕ್ಕರೆ ಕಾಯಿಲೆ, ಹೃದ್ರೋಗ ಉಳ್ಳವರು ತಮ್ಮ ವೈದ್ಯರನ್ನು ಕೇಳಿಯೇ ನಡೆಯಬೇಕು. ಉಳಿದವರು ಒಂದು ಹಳದಿಗಾಗಿ ಜಗಳಾಡಬೇಕಾಗಿಲ್ಲ.

ಪ್ರೋಟೀನಿನ ಕತೆ ನಮಗೆ ಇನ್ನೂ ಹತ್ತಿರದ್ದು. ಎರಡನೆಯ ಮಹಾಯುದ್ಧದ ತರುವಾಯ, ಬಡ ದೇಶಗಳ ದೊಡ್ಡ ಕೊರತೆ ಪ್ರೋಟೀನಿನದೇ ಎಂದು ಪಂಡಿತರು ಬಗೆದರು. 1950ರಲ್ಲಿ ಪ್ರಾರಂಭವಾದ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯವು ಕಡಲೆಕಾಯಿ ಹಿಟ್ಟಿಗೆ ಕಡಲೆ ಹಿಟ್ಟು ಬೆರಸಿ ಬಡವರಿಗೆಂದು ಹೊಸ ಆಹಾರವೊಂದನ್ನು ಸಿದ್ಧಪಡಿಸಿತು. 1968ರಲ್ಲಿ ವಿಶ್ವಸಂಸ್ಥೆಯೇ ಪ್ರೋಟೀನಿನ ಸಂಕಟ ಬರಲಿದೆಯೆಂದು ವರದಿ ಹೊರಡಿಸಿತು. ಆಗ ನಮ್ಮವರೇ ಆದ ಡಾ. ಸಿ. ಗೋಪಾಲನ್, ಡಾ. ಪಿ. ವಿ. ಸುಖಾತ್ಮೆ ಅವರು ಬೇರೆ ಮಾತು ಹೇಳಿದರು: ಧಾನ್ಯ, ಬೇಳೆಗಳ ಊಟ ಹೊಟ್ಟೆ ತುಂಬ ಸಿಕ್ಕರೆ ಪ್ರೋಟೀನಿನ ಕೊರತೆ ಬಹುಮಟ್ಟಿಗೆ ತಾನಾಗಿ ನೀಗುತ್ತದೆ, ಬಡವನಿಗೆ ಕೊರತೆಯಾಗಿರುವುದು ಊಟವೇ. 1973ರಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿ ಪ್ರೋಟೀನಿನ ಅಗತ್ಯದ ಪ್ರಮಾಣವನ್ನು ಇಳಿಸಿತು. ಹೀಗೆ ತಿದ್ದಿದ ಮಾತಿಗೆ ಐವತ್ತು ವರ್ಷ ಕಳೆದಿದೆ. ಆದರೂ ಅದೇ ಹಳೆಯ ಭಯವನ್ನು ಈಗ ಬಣ್ಣದ ಡಬ್ಬಿಯಲ್ಲಿ ತುಂಬಿ ನಮ್ಮ ಹುಡುಗರಿಗೆ ಮಾರುತ್ತಿದ್ದಾರೆ!

ಲೆಕ್ಕ ಹಾಕಿ ನೋಡಿ. ನಮ್ಮ ದೇಶದ ವೈದ್ಯಕೀಯ ಸಂಶೋಧನ ಮಂಡಳಿಯ 2020ರ ಲೆಕ್ಕದಂತೆ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ ಸುಮಾರು 54 ಗ್ರಾಂ ಪ್ರೋಟೀನು ಬೇಕು. ಅಕ್ಕಿ, ಗೋಧಿ ಸೇರಿ 350 ಗ್ರಾಮಿನಿಂದ 30, ತೊಗರಿಬೇಳೆ 85 ಗ್ರಾಮಿನಿಂದ 18, ಒಂದು ಮೊಟ್ಟೆಯಿಂದ ಇಲ್ಲವೆ ಒಂದು ಲೋಟ ಹಾಲಿನಿಂದ 6. ಮುಗಿಯಿತು! ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರ ಮೇ ತಿಂಗಳಲ್ಲಿ ಪ್ರಕಟಿಸಿದ 17 ಸೂತ್ರಗಳಲ್ಲಿ, ಮೈ ಬೆಳೆಸಲು ಪ್ರೋಟೀನು ಪುಡಿ ಬೇಡವೆಂದೇ ಹೇಳಿದೆ. ಆ ಒಂದು ಡಬ್ಬಿಯ ಬೆಲೆಗೆ ನಮ್ಮ ಖೋಲಿಯ ಐವರಿಗೂ ತಿಂಗಳ ಬೇಳೆ ಬರುತ್ತಿತ್ತು.

ಇನ್ನು ಎರಡನೆಯ ಬಗೆಯ ಬದಲಾವಣೆ. 1967ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರು ಪ್ರಸಿದ್ಧ ವೈದ್ಯಪತ್ರಿಕೆಯೊಂದರಲ್ಲಿ, ಹೃದ್ರೋಗಕ್ಕೆ ಕೊಬ್ಬನ್ನು ದೂರಿ, ಸಕ್ಕರೆಯ ದೋಷವನ್ನು ಹಗುರಮಾಡಿ ಬರೆದರು. ಆ ಬರವಣಿಗೆಗೆ ಅಮೆರಿಕದ ಸಕ್ಕರೆ ವ್ಯಾಪಾರಿಗಳ ಸಂಸ್ಥೆ 6,500 ಡಾಲರು ಕೊಟ್ಟಿತ್ತೆಂಬುದು ಹಳೆಯ ಪತ್ರಗಳಿಂದ ಬಯಲಾದದ್ದು 2016ರಲ್ಲಿ. ಸುಮಾರು ಐವತ್ತು ವರ್ಷ ಲೋಕವನ್ನು ಕತ್ತಲಲ್ಲಿಡಲು ಎಷ್ಟು ಅಗ್ಗದ ಬೆಲೆ!

ನಮ್ಮಲ್ಲೇನು ಕಡಿಮೆ? 1937ರಲ್ಲಿ ಡಾಲ್ಡಾ ಡಬ್ಬಿ ನಮ್ಮ ಅಡಿಗೆಮನೆಗೆ ಬಂತು. ತುಪ್ಪ ಕೊಳ್ಳಲಾರದವನ ತುಪ್ಪವೆನಿಸಿತು. ಎಣ್ಣೆಯನ್ನು ಗಟ್ಟಿಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆಂದು 1990ರಲ್ಲಿ ಡಚ್ ವಿಜ್ಞಾನಿಗಳು ತೋರಿಸಿಕೊಟ್ಟರು. ನಮ್ಮ ಸರಕಾರ ಅದನ್ನು ನೂರಕ್ಕೆ ಎರಡರ ಮಿತಿಗೆ ಇಳಿಸಿದ್ದು 2022ರ ಜನವರಿಯಿಂದ. ನಡುವೆ ಮೂವತ್ತೆರಡು ವರ್ಷ! ಹಾಗೆಯೇ, ಸಕ್ಕರೆ ತುಂಬಿದ ಪೇಯಗಳನ್ನು 'ಆರೋಗ್ಯ ಪೇಯ'ವೆಂದು ಮಾರಬಾರದು, ಕಾನೂನಿನಲ್ಲಿ ಅಂಥ ಪೇಯದ ಹೆಸರೇ ಇಲ್ಲವೆಂದು ಕೇಂದ್ರ ಸರಕಾರ ಆನ್‌ಲೈನ್ ಅಂಗಡಿಗಳಿಗೆ ತಿಳಿಸಿದ್ದು 2024ರ ಏಪ್ರಿಲಿನಲ್ಲಿ. ಅದುವರೆಗೆ ಅರೆಹೊಟ್ಟೆಯ ತಾಯಂದಿರು ಮಕ್ಕಳ ಬೆಳವಣಿಗೆಗೆಂದು ಕೊಂಡ ಡಬ್ಬಿಗಳ ಲೆಕ್ಕವನ್ನು ಯಾರು ಕೊಡುವರು?

ಹಾಗಾದರೆ ಬದಲಾಗದೆ ನಿಂತ ಮಾತು ಯಾವುದೂ ಇಲ್ಲವೆ? ಇದೆ. ಬೇಳೆಕಾಳು ತಿನ್ನು, ಸೊಪ್ಪು, ತರಕಾರಿ, ಹಣ್ಣು ಹೆಚ್ಚಿಸು, ತೌಡು ಉಳಿದ ಧಾನ್ಯ ಮೇಲು, ಉಪ್ಪು ದಿನಕ್ಕೆ 5 ಗ್ರಾಂ ದಾಟದಿರಲಿ, ಸಕ್ಕರೆ, ಕರಿದ ತಿಂಡಿ ಕಡಿಮೆಯಿರಲಿ. ಈ ಮಾತನ್ನು ಯಾರೂ ಹಿಂತೆಗೆದುಕೊಂಡಿಲ್ಲ. ಇದು ಕೂಗಿ ಕೇಳಿಸುವುದಿಲ್ಲ, ಏಕೆಂದರೆ ಹರಿವೆ ಸೊಪ್ಪಿನ ಕಟ್ಟಿಗೆ ಯಾರೂ ಜಾಹೀರಾತು ಕೊಡುವುದಿಲ್ಲ. ರಾಗಿಯನ್ನೇ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ವವಿದೆ. ಬಿಳಿ ಅಕ್ಕಿಯಲ್ಲಿ 10 ಕೂಡ ಇಲ್ಲ. ಅದನ್ನು ಬಡವರ ಹಿಟ್ಟೆಂದು ಹೀಗಳೆದವರೇ ಇಂದು ಬಣ್ಣದ ಪೊಟ್ಟಣದಲ್ಲಿ ದುಬಾರಿ ಬೆಲೆಗೆ ಕೊಳ್ಳುತ್ತಿದ್ದಾರೆ. ರಾಗಿ ಬದಲಾಗಲಿಲ್ಲ, ಬದಲಾದದ್ದು ಬೆಲೆ.

ಇಷ್ಟು ಹೇಳಿ ಮುಗಿಸಿದರೆ ನಾನೂ ಒಬ್ಬ ಉಪದೇಶಿಯಾದೇನು. ಹೊತ್ತಿಗೆ ಸರಿಯಾಗಿ ಉಣ್ಣು ಎಂದು ಯಾರಿಗೆ ಹೇಳುವುದು? ಗಿರಾಕಿಗಳ ಊಟ ಮುಗಿದು ಮಧ್ಯಾಹ್ನ ನಾಲ್ಕಕ್ಕೆ, ರಾತ್ರಿ ಹನ್ನೆರಡಕ್ಕೆ ಎಲೆಯ ಮುಂದೆ ಕೂಡುವ ಹುಡುಗನಿಗೇ? ಸಾರಿನ ತಿಳಿ, ಉಳಿದ ಅನ್ನ, ಕಪ್ಪಾದ ಎಣ್ಣೆಯಲ್ಲಿ ಕರಿದದ್ದು ಅವನ ಪಾಲಿಗೆ. ಅವನಿಗೆ ರಕ್ತದೊತ್ತಡ ಬಂದರೆ "ಪಥ್ಯ ಮಾಡಲಿಲ್ಲ" ಎಂಬ ದೂರು ಬೇರೆ! ಊಟ ಅರಿವಿನ ಪ್ರಶ್ನೆ ಹೌದು. ಅದಕ್ಕಿಂತ ಮೊದಲು ಅದು ಸಂಬಳದ, ಬಿಡುವಿನ ಪ್ರಶ್ನೆ.

ಇದು ಹೊಸ ಮಾತೇನಲ್ಲ. ಐದು ತಾಸು ದುಡಿದ ಮೇಲೆ ಅರ್ಧ ತಾಸಾದರೂ ಬಿಡುವು ಕೊಡಲೇಬೇಕೆಂದು 1948ರ ಕಾರ್ಖಾನೆ ಕಾಯಿದೆ ವಿಧಿಸಿತು. ಗಿರಣಿಯವನ ಹೊಟ್ಟೆಗೊಂದು, ಹೋಟೆಲಿನವನ ಹೊಟ್ಟೆಗೊಂದು ನ್ಯಾಯವುಂಟೆ? ಮತ್ತೆ ಮತ್ತೆ ಕಾಯಿಸಿದ ಎಣ್ಣೆಗೂ 2018ರ ಜುಲೈಯಿಂದ ಸರಕಾರದ ಮಿತಿಯಿದೆ. ಆ ಮಿತಿ ಗಿರಾಕಿಯ ತಟ್ಟೆಗೆ ಮಾತ್ರ ಎಂದು ಯಾರೂ ಬರೆದಿಲ್ಲ.

ಆದುದರಿಂದ ಸಂಘದ ಮುಂದಿನ ಸಭೆಯಲ್ಲಿ ಈ ಮೂರು ಬೇಡಿಕೆಗಳನ್ನು ಇಡಬೇಕೆಂದು ನನ್ನ ಸೂಚನೆ: ನೌಕರರಿಗೆ ನಿಗದಿಯಾದ ಹೊತ್ತಿನ ಊಟದ ಬಿಡುವು, ಅವರ ಊಟದಲ್ಲಿ ದಿನವೂ ಬೇಳೆ ಮತ್ತು ತಾಜಾ ತರಕಾರಿ, ಕೆಟ್ಟ ಎಣ್ಣೆ ಅವರ ಪಾಲಿಗೆ ಬಾರದಿರುವುದು. ಮತ್ತು ನಮ್ಮ ರೂಮುಗಳಲ್ಲಿ ನಾವೇ ಪಾಲಿಸಬೇಕಾದದ್ದು ಒಂದು. ಹೊಸ ಸಲಹೆ ಕಿವಿಗೆ ಬಿದ್ದೊಡನೆ ಕೇಳೋಣ: ಇದನ್ನು ಹೇಳುವವನು ಇದರೊಂದಿಗೆ ಏನನ್ನಾದರೂ ಮಾರುತ್ತಿದ್ದಾನೆಯೆ? ಮಾರುತ್ತಿದ್ದರೆ ಕಿಸೆಯ ಮೇಲೆ ಕೈಯಿಟ್ಟುಕೊಂಡು ಕೇಳೋಣ.

ನಿನ್ನೆ ರಾತ್ರಿ ನಮ್ಮ ಖೋಲಿಯಲ್ಲಿ ಮೂಲೆಯ ಚೀಲ ಬಿಚ್ಚಿ ಕುಚ್ಚಲಕ್ಕಿ ಗಂಜಿ ಬೇಯಿಸಿದೆವು. ಜೊತೆಗೆ ಹೆಸರುಕಾಳಿನ ಪಲ್ಯ. ಐವರೂ ಉಂಡೆವು. ಡಬ್ಬಿಯ ಹುಡುಗ ಎರಡು ಸಲ ಬಡಿಸಿಕೊಂಡ.