ರಾಶಿ ಮುಗಿದ ಕಥೆ

ಮಾನೋಪಾಡಿನ ನಮ್ಮ ಮನೆಯಲ್ಲಿ ಮೂರು ಭಾಷೆಗಳಿಗೆ ಮೂರು ಠಾವುಗಳುಂಟು. ಅಡುಗೆಮನೆಯಲ್ಲಿ ಕನ್ನಡ, ಅಂಗಳ ದಾಟಿದರೆ ತೆಲುಗು, ಮೊಮ್ಮಗಳ ಪಾಠದ ಮೇಜಿನ ಮೇಲೆ ಇಂಗ್ಲಿಷು. ಈ ಏರ್ಪಾಟು ಬಹುಕಾಲ ಯಾರ ತಂಟೆಯೂ ಇಲ್ಲದೆ ನಡೆದುಬಂದಿತ್ತು. ಕಿಸೆಯಲ್ಲಿ ಅಡಗುವ ಕೈಫೋನು ಮನೆಹೊಕ್ಕ ಮೇಲೆ ಮಾತ್ರ ಠಾವುಗಳೆಲ್ಲ ಅದಲುಬದಲಾದವು.

ನಾವು ತೆಲಂಗಾಣದಲ್ಲಿ ಇದ್ದೇವೆಂಬುದನ್ನು ಈ ಯಂತ್ರವು ಹೇಗೋ ಬಲ್ಲದು. ಬೆಳಗಾದರೆ ತೆಲುಗು ಸುದ್ದಿಯನ್ನೇ ಮುಂದಿಡುತ್ತದೆ. ಕನ್ನಡ ಬೇಕೆಂದು ಒತ್ತಿ ಹೇಳಿದರೆ ಒಂದು ದಿನ ಕೇಳಿ, ಮರುದಿನ ಮರೆಯುತ್ತದೆ. ಅದರ ಲೆಕ್ಕದಲ್ಲಿ ಭಾಷೆಯೆಂದರೆ ನಿಂತ ನೆಲ. ನಮ್ಮ ಲೆಕ್ಕದಲ್ಲಿ ಅದು ಉಂಡ ತುತ್ತು. ಆಲಂಪುರ, ಗದ್ವಾಲ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು. ಆ ವರ್ಷದ ನವೆಂಬರ್ 1ರಂದು ರಾಯಚೂರು ಆ ಕಡೆಗೂ ನಾವು ಈ ಕಡೆಗೂ ಆದೆವು. ಇದನ್ನೆಲ್ಲ ಯಂತ್ರಕ್ಕೆ ತಿಳಿಯಹೇಳುವವರು ಯಾರು?

ಸಿನಿಮಾದ ಕಥೆಯೂ ಇದೇ. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ತೆರೆಕಂಡಿತು. ಎರಡು ವಾರಗಳ ಬಳಿಕ ತೆಲುಗು ಮಾತು ಕಲಿತು ನಮ್ಮ ಸೀಮೆಗೆ ಬಂದಿತು. ಕರಾವಳಿಯ ದೈವದ ಕಥೆಯನ್ನು ಕನ್ನಡದ ಮನೆಯವರಾದ ನಾವು ತೆಲುಗಿನಲ್ಲಿ ನೋಡಿ, ಮನೆಗೆ ಬಂದು ಕನ್ನಡದಲ್ಲಿ ಹೊಗಳಿದೆವು. ಮೊಮ್ಮಗಳಿಗೆ ಅದು ಕನ್ನಡದ ಚಿತ್ರವೆಂದರೆ ನಂಬಿಕೆಯೇ ಬರಲಿಲ್ಲ.

ಹಾಗೆಂದು ಯಂತ್ರವನ್ನು ಹಳಿಯುತ್ತಲೇ ಕುಳಿತರೆ ಕೃತಘ್ನರಾದೇವು. ಒಂದು ಕನ್ನಡ ಪುಸ್ತಕ ಬೇಕೆಂದರೆ ರಾಯಚೂರಿಗೆ ಹೋಗಿಬರುವವರನ್ನು ಕಾಯ್ದುಕೊಂಡಿದ್ದು, ಅವರು ಮರೆತು ಬರಿಗೈಯಲ್ಲಿ ಬಂದರೆ ಮತ್ತೊಂದು ತಿಂಗಳು ತಾಳುತ್ತಿದ್ದ ಕಾಲವನ್ನು ನಾವು ಕಂಡವರು. ಈಗಲೋ, ಸುಮಾರು 20 ಸಾವಿರ ವಚನಗಳನ್ನು ಒಂದು ಪದ ಹಿಡಿದು ಹುಡುಕುವ ‘ವಚನ ಸಂಚಯ’ ಅಂಗೈಯಲ್ಲಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇದೆ. ವಿ. ಕೃಷ್ಣ ಅವರು ವರ್ಷಾನುಗಟ್ಟಲೆ ಕುಳಿತು ಕಟ್ಟಿದ ‘ಅಲರ್’ ನಿಘಂಟು 2019ರಿಂದ ಕಾಸಿಲ್ಲದೆ ಎಲ್ಲರಿಗೂ ದೊರೆಯುತ್ತಿದೆ. ಆದರೆ ಒಂದು ವಚನ ಓದೋಣವೆಂದು ಸಂಜೆ ಕುಳಿತ ನಾವು, ಯಾರೋ ಅಪರಿಚಿತರು ಮಿರ್ಚಿ ಕರಿಯುವುದನ್ನು ನೋಡುತ್ತ ಮುಕ್ಕಾಲು ಗಂಟೆ ಕಳೆದದ್ದು ಹೇಗೆಂಬುದು ನಮಗೇ ಬಗೆಹರಿದಿಲ್ಲ. ಪುಸ್ತಕ ಹಿಡಿದಾಗ ಹೀಗೆ ಎಂದೂ ಆಗಿರಲಿಲ್ಲ. ಅದರ ಪುಟ ತಿರುವಿದರೆ ಬರುತ್ತಿದ್ದುದು ಅದರದೇ ಮುಂದಿನ ಪುಟ.

ಇನ್ನು ಮೂಲ ಸಂಗತಿಗೆ ಬರೋಣ. ಕಳೆದ ಬೇಸಿಗೆಯಲ್ಲಿ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದೆವು. ನಾವು ರಾಯಚೂರಿನಲ್ಲಿ ಓದುತ್ತಿದ್ದಾಗ ನಮ್ಮ ತಾಯಿಯವರು ಬರೆದ ಕಾರ್ಡುಗಳು ಅದರಲ್ಲಿದ್ದವು. ಅವರು ಶಾಲೆಯ ಮುಖ ಕಂಡವರಲ್ಲ. ತಂದೆಯ ಪಕ್ಕದಲ್ಲಿ ಕುಳಿತು ಕನ್ನಡ ಅಕ್ಷರ ತಿದ್ದಿದವರು. ಮೊಮ್ಮಗಳು ಒಂದು ಕಾರ್ಡನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದಳು. ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತನಾಡುವ ಹುಡುಗಿಗೆ ಅದರ ಒಂದು ಸಾಲೂ ಓದಲು ಬಾರದು! ಆ ಕ್ಷಣ ನಮಗಾದ ಸಂಕಟವನ್ನು ಗಡಿಯಾಚೆಯ ನಮ್ಮ ಓದುಗ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಪ್ಪು ಅವಳದಲ್ಲ. ಕಲಿಸಬೇಕಾದವರು ‘ನಾಳೆ ನೋಡೋಣ’ ಎಂದು ಹನ್ನೆರಡು ವರ್ಷ ಕಳೆದಿದ್ದೆವು.

ಅವಳು ಸೋಲುವವಳಲ್ಲ. ಕಾರ್ಡಿನ ಚಿತ್ರ ತೆಗೆದು ಯಂತ್ರಕ್ಕೆ ತೋರಿಸಿದಳು. ಅಚ್ಚಿನ ಅಕ್ಷರವನ್ನು ಚೆನ್ನಾಗಿಯೇ ಓದುವ ಯಂತ್ರವು ನಮ್ಮ ತಾಯಿಯವರ ಕೈಬರಹದ ಮುಂದೆ ತಡವರಿಸಿತು. ಅಂತೂ ಒಂದು ಸಾಲನ್ನು ಇಂಗ್ಲಿಷಿಗೆ ತಂದು ಒಪ್ಪಿಸಿತು. ಅವಳು ಮುಖ ಚಿಕ್ಕದು ಮಾಡಿಕೊಂಡು ಕೇಳಿದಳು: “ತಾತಾ, ‘ನಿನ್ನ ಜನ್ಮರಾಶಿ ಮುಗಿಯಿತು’ ಅಂತ ಬರೆದಾರಲ್ಲ, ಆಗ ನಿನಗೇನಾಗಿತ್ತು?”

ಬರೆದಿದ್ದುದು ಜೋಳದ ರಾಶಿ ಮುಗಿಯಿತೆಂದು. ಕಣದಲ್ಲಿ ತೂರಿ ಗುಡ್ಡೆ ಹಾಕಿದ ಜೋಳವನ್ನು ಯಂತ್ರವು ಆಕಾಶದ ಮೇಷ ವೃಷಭಗಳ ಸಾಲಿಗೆ ಸೇರಿಸಿಬಿಟ್ಟಿತ್ತು.

ನಕ್ಕು ಮುಗಿದ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆವು. ತೆಲುಗು ಓದಬಲ್ಲ ಮಗುವಿಗೆ ಕನ್ನಡ ಲಿಪಿ ಕಲಿಸುವುದು ನಾವು ಅಂಜಿದ್ದಷ್ಟು ಕಷ್ಟವಲ್ಲ. ನಮ್ಮ ನೆರೆಯ ಆಲಂಪುರದಲ್ಲಿ ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದ ಬಾದಾಮಿ ಚಾಲುಕ್ಯರ ಕಾಲಕ್ಕೆ ಎರಡಕ್ಕೂ ಇದ್ದುದು ಒಂದೇ ಲಿಪಿ. ಬೇರ್ಪಟ್ಟದ್ದು ಎಷ್ಟೋ ಶತಮಾನಗಳ ಬಳಿಕ. ಗ, ಡ, ದ, ನ, ರ ಇವುಗಳಲ್ಲಿ ತಲೆಕಟ್ಟೊಂದೇ ಮುಖ್ಯ ವ್ಯತ್ಯಾಸ. “ತೆಲುಗಿಗೇ ಬೇರೆ ಟೋಪಿ ಹಾಕ್ಯಾರಲ್ಲ ತಾತಾ!” ಎಂದಳು. ಅವಳು ಎಡವಿದ್ದು ದೀರ್ಘದಲ್ಲಿ. ತೆಲುಗಿನಲ್ಲಿ ಅಕ್ಷರದ ತಲೆಯ ಮೇಲೆಯೇ ಕೂರುವ ‘ಈ’ಕಾರದ ದೀರ್ಘವು ಕನ್ನಡದಲ್ಲಿ ಮಗ್ಗುಲಿಗೆ ಬಂದು ಬೇರೆಯಾಗಿ ನಿಲ್ಲುತ್ತದೆ.

ಗಣಕಗಳೆಲ್ಲ ಅನುಸರಿಸುವ ಯೂನಿಕೋಡ್ ಅಕ್ಷರಕೋಷ್ಟಕದಲ್ಲಿಯೂ ಈ ನೆರೆಹೊರೆ ಹಾಗೆಯೇ ಉಳಿದಿದೆ. ಅಲ್ಲಿ ತೆಲುಗಿಗೆ 128 ಮನೆಗಳು, ಅದು ಮುಗಿದಲ್ಲಿಂದ ಕನ್ನಡಕ್ಕೆ 128. ನಡುವೆ ಓಣಿಯೂ ಇಲ್ಲ. ಆದರೂ ಯಂತ್ರದ ಕಣ್ಣಿಗೆ ಆ ‘ಗ’ ಬೇರೆ, ಈ ‘ಗ’ ಬೇರೆ. ಎರಡರ ನಂಟನ್ನು ಕಂಡುಕೊಳ್ಳಲು ಹನ್ನೆರಡು ವರ್ಷದ ಹುಡುಗಿಗೆ ಒಂದು ವಾರ ಸಾಕಾಯಿತು. ಕಲಿತ ಅಕ್ಷರವನ್ನು ಗಟ್ಟಿಮಾಡಿಕೊಳ್ಳಲು ಅವಳು ಬಳಸಿದ್ದು ಅದೇ ಕೈಫೋನನ್ನು ಎಂಬುದನ್ನೂ ಹೇಳದಿದ್ದರೆ ನ್ಯಾಯವಾಗದು. ಈಗ ಅದರಲ್ಲಿ ಕನ್ನಡದ ಕಥೆಗಳನ್ನು ಹುಡುಕಿ ಓದುತ್ತಾಳೆ.

ನಮ್ಮ ಬಿನ್ನಹ ಇಷ್ಟೆ. ಗಡಿಯಾಚೆಯ ಮನೆಗಳಲ್ಲಿ ಮಾತು ಇನ್ನೂ ಉಳಿದಿದೆ. ಓದು ಒಂದು ತಲೆಮಾರಿನಷ್ಟು ಹಿಂದೆ ಬಿದ್ದಿದೆ. ಪುಸ್ತಕ ಸಿಗದೆಂಬ ನೆವ ಇನ್ನು ನಡೆಯದು. ಅಂಗೈಯಲ್ಲಿ ಗ್ರಂಥಾಲಯವೇ ಇದೆ; ಅದರ ಬಾಗಿಲು ತೆರೆಯಲು ಬೇಕಾದುದು ಹಿರಿಯರ ಒಂದು ವಾರ.

ಮೊನ್ನೆ ಅವಳು ಅದೇ ಕಾರ್ಡನ್ನು ತಾನೇ ಓದಿದಳು. ನಿಧಾನವಾಗಿ, ದೀರ್ಘ ಬಂದಲ್ಲಿ ಒಂದಿಷ್ಟು ನಿಂತು: “ಜೋಳದ ರಾಶಿ ಮುಗಿಯಿತು. ಹಿಟ್ಟು ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು.” ಒಳಗಿನಿಂದ ಅವಳ ಅಜ್ಜಿ ರೊಟ್ಟಿ ಆರುತ್ತಿದೆಯೆಂದು ಕೂಗುತ್ತಿದ್ದರು. ಎಂದೂ ಮೂರು ಸಲ ಕರೆಯದೆ ಏಳದ ಹುಡುಗಿ ಆ ಹೊತ್ತು ಫೋನನ್ನು ಕೆಳಗಿಟ್ಟು ಮೊದಲ ಕೂಗಿಗೇ ಎದ್ದಳು. ನಾವೂ ಎದ್ದೆವು.