ಮೇಟಿ ಇಲ್ಲದ ಕಣ



ಕಳೆದ ಸುಗ್ಗಿ ಮುಗಿದ ಮೇಲೆ ನಾವು ಒಂದು ಗ್ರಾಮಕ್ಕೆ ಹೋಗಿದ್ದೆವು. ಊರಿನ ಹೆಸರು ಬೇಡ; ಆ ಜಾಗದಲ್ಲಿ ನಿಮ್ಮೂರಿನ ಹೆಸರಿಟ್ಟರೂ ಮಾತು ಹೆಚ್ಚೇನೂ ಬದಲಾಗದು. ಅಗಸಿಯಲ್ಲಿ ನಮ್ಮನ್ನು ಬರಮಾಡಿಕೊಳ್ಳಲು ಎರಡು ಗುಂಪುಗಳು ನಿಂತಿದ್ದವು. ಎರಡು ಡೊಳ್ಳಿನ ಮೇಳ, ಎರಡು ಪೂರ್ಣಕುಂಭ. ಭಕ್ತಿ ಇಮ್ಮಡಿಯಾಯಿತೆಂದು ನಾವು ಸಂತೋಷಪಡುವಷ್ಟರಲ್ಲಿ ನಿಜಸ್ಥಿತಿ ತಿಳಿಯಿತು. ಒಂದು ಪಕ್ಷದವರ ಕುಂಭಕ್ಕೆ ಇನ್ನೊಂದು ಪಕ್ಷದವರು ಕೈ ಮುಗಿಯುವುದಿಲ್ಲವಂತೆ! ಯಾರ ಮನೆಯಲ್ಲಿ ಮೊದಲು ಪ್ರಸಾದ ಎಂಬುದಕ್ಕೆ ಅರ್ಧ ತಾಸು ವಾದ ನಡೆಯಿತು. ಕೊನೆಗೆ ನಾವು ಶಾಲೆಯ ಜಗಲಿಯ ಮೇಲೆಯೇ ಕುಳಿತೆವು.

ಆ ಊರಿನಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಹೊಲದ ಬದುವಿನ ತಕರಾರು, ನೀರಿನ ಪಾಳಿ, ಅಣ್ಣತಮ್ಮಂದಿರ ಪಾಲು, ಇಂಥವೆಲ್ಲ ನಾಲ್ಕು ದಶಕ ಅವರ ಕಟ್ಟೆಯ ಮೇಲೆಯೇ ಇತ್ಯರ್ಥವಾಗುತ್ತಿದ್ದವು. ಈ ಸಲ ಸಭೆಯಲ್ಲಿ ಅವರು ಕಾಣಲಿಲ್ಲ. ನಾವೇ ಅವರ ಮನೆಗೆ ಹೋದೆವು. ಕಾರಣ ಕೇಳಿದಾಗ ಅವರು ಹೇಳಿದ್ದು ಇಷ್ಟು: “ಅಪ್ಪಾರ, ಚುನಾವಣಿ ಟೈಮಿನ್ಯಾಗ ಇವನು ರಸ್ತೆ ಚಲೋ ಮಾಡ್ಯಾನ ಅಂದೆ, ಅವನು ಕೆರಿ ಚಲೋ ತುಂಬಿಸ್ಯಾನ ಅಂದೆ. ಇವ್ರು ಅವರ ಮನಶ್ಯಾ ಅಂದ್ರು, ಅವ್ರು ಇವರ ಮನಶ್ಯಾ ಅಂದ್ರು. ಈಗ ಯಾರೂ ಕರಿಯೂದಿಲ್ಲರೀ.”

ಎರಡು ನಿಜಗಳನ್ನು ಹೇಳಿದ್ದೇ ಅವರ ಅಪರಾಧ. ಒಂದು ನಿಜವನ್ನು ಮುಚ್ಚಿಟ್ಟು ಒಂದನ್ನೇ ಹೇಳಿದ್ದರೆ ಅರ್ಧ ಊರಾದರೂ ಅವರನ್ನು ಹೊತ್ತು ಮೆರೆಸುತ್ತಿತ್ತು.

ಕಣದಲ್ಲಿ ಹಂತಿ ಕಟ್ಟಿದ ಹಿರಿಯರಿಗೆ ಮೇಟಿಕಂಬದ ಮಹತ್ವವನ್ನು ನಾವು ಹೇಳಿಕೊಡಬೇಕಾಗಿಲ್ಲ. ಎತ್ತುಗಳು ಸುತ್ತುತ್ತವೆ, ಮೇಟಿ ಅಲುಗದು. ಅದು ಯಾವ ಎತ್ತಿನ ಪರವೂ ಅಲ್ಲ. ಆದರೆ ಎಲ್ಲ ಎತ್ತುಗಳ ಹಗ್ಗವೂ ಅದಕ್ಕೇ ಕಟ್ಟಿರುತ್ತದೆ. ಮೇಟಿ ಕಿತ್ತರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಗಾದೆಯೇ ಗತಿ. ತೆನೆ ಮಣ್ಣುಪಾಲು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಡುವೆ ನಿಲ್ಲುವುದೆಂದರೆ ಬೇಲಿಯ ಮೇಲೆ ಕುಳಿತು ಎರಡೂ ಹೊಲದ ಬೆಳೆ ಮೇಯುವುದಲ್ಲ. ಒಂದು ಓಣಿಯ ಬಡವರಿಗೆ ನಲ್ಲಿ ನೀರು ಕೊಡಬೇಕೋ ಬೇಡವೋ ಎಂಬಲ್ಲಿ ನಡು ಎಂಬುದೇ ಇಲ್ಲ, ಕೊಡಲೇಬೇಕು. ಅನ್ಯಾಯಕ್ಕೂ ನ್ಯಾಯಕ್ಕೂ ನಡುವೆ ತಕ್ಕಡಿ ಹಿಡಿದು ನಿಂತವನನ್ನು ನಾವು ಮಧ್ಯಸ್ಥನೆನ್ನುವುದಿಲ್ಲ, ಅಂಜುಬುರುಕನೆನ್ನುತ್ತೇವೆ. ತನ್ನ ಪಕ್ಷದಲ್ಲಿಯೇ ಇದ್ದುಕೊಂಡು, ಎದುರಿನವನ ಮಾತು ಸರಿಯಿದ್ದಾಗ “ಹೌದು, ಇದು ಸರಿ” ಎನ್ನಬಲ್ಲವನೇ ಮೇಟಿಯಂಥವನು. ಅಂಥವರು ಕಡಿಮೆಯಾಗುತ್ತಿದ್ದಾರೆ. ಊರಲ್ಲಿ ಮಾತ್ರವಲ್ಲ, ದಿಲ್ಲಿಯಲ್ಲಿ ಮತ್ತು ಬೆಂಗಳೂರಿನಲ್ಲಿಯೂ.

ನಿಮ್ಮ ಊರಿನ ಪಂಚಾಯಿತಿಯ ಹುಟ್ಟನ್ನೇ ನೋಡಿರಿ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಪಂಚಾಯತ ಕಾನೂನು ತಂದರು. ಕೊಳವೆ ಬಾವಿ ಹೊಡೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಎನಿಸಿಕೊಂಡ ಆ ಪುಣ್ಯಾತ್ಮರನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. 1987ರಲ್ಲಿ ಮಂಡಲ ಪಂಚಾಯತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು; ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಮೀಸಲಾಯಿತು. ಆಗ ದಿಲ್ಲಿಯಲ್ಲಿದ್ದದ್ದು ಅವರ ಎದುರಾಳಿ ಪಕ್ಷ. ಆದರೂ ಇಡೀ ದೇಶಕ್ಕೆ ಪಂಚಾಯತಿ ಬೇಕೆಂದು ರಾಜೀವ ಗಾಂಧಿಯವರು 1989ರಲ್ಲಿ ಸಂವಿಧಾನ ತಿದ್ದುಪಡಿ ತಂದರು. ಲೋಕಸಭೆಯಲ್ಲಿ ಅದು ದಾಟಿತು. ರಾಜ್ಯಸಭೆಯಲ್ಲಿ ಮೂರರಲ್ಲಿ ಎರಡು ಪಾಲು ಮತ ದೊರೆಯದೆ ಬಿದ್ದುಹೋಯಿತು.

ಮುಂದೆ ಪಿ.ವಿ. ನರಸಿಂಹರಾಯರು ಅದನ್ನು ಮತ್ತೆ ಕೈಗೆತ್ತಿಕೊಂಡಾಗ ಅವರಿಗೆ ಸ್ವಂತ ಬಹುಮತವೂ ಇರಲಿಲ್ಲ. ಹೀಗಾಗಿ ಮಸೂದೆಯನ್ನು ಬೇರೆ ಬೇರೆ ಪಕ್ಷದವರು ಕೂಡಿದ್ದ ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಎದುರಾಳಿಗಳ ಮಾತು ಕೇಳಲಾಯಿತು, ಕೆಲವು ಕಲಮುಗಳು ಬದಲಾದವು. ಲೋಕಸಭೆ ಅದನ್ನು ಅಂಗೀಕರಿಸಿದ್ದು 1992ರ ಡಿಸೆಂಬರ್ 22ರಂದು, ರಾಜ್ಯಸಭೆ ಮರುದಿನ. ಆ ತಿಂಗಳು ಎಂಥದೆಂದು ನೆನಪಿದೆಯೇ? ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿ ಕೆಡವಲ್ಪಟ್ಟು ಕೇವಲ ಹದಿನಾರು ದಿನ. ಊರೂರಲ್ಲಿ ರಕ್ತ ಹರಿದಿತ್ತು. ಸಂಸತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡದಂಥ ಕಾಲ. ಅಂಥದರಲ್ಲಿಯೂ ನಿಮ್ಮೂರ ಪಂಚಾಯಿತಿಯ ವಿಷಯದಲ್ಲಿ ಅವರು ಒಂದಾಗಿ ಕೈ ಎತ್ತಿದರು. ಐದು ವರ್ಷಕ್ಕೊಮ್ಮೆ ಚುನಾವಣೆ, ಮಹಿಳೆಯರಿಗೆ ಮೂರರಲ್ಲಿ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಸ್ಥಾನ, ಎಲ್ಲವೂ ಆ ಕೈಗಳಿಂದ ಬಂದದ್ದು. 1994ರಲ್ಲಿ ಜಿನೀವಾದಲ್ಲಿ ಕಾಶ್ಮೀರದ ಪ್ರಶ್ನೆ ಬಂದಾಗ ದೇಶದ ಪರವಾಗಿ ಹೋದ ನಿಯೋಗಕ್ಕೆ ಇದೇ ನರಸಿಂಹರಾಯರು ವಿರೋಧ ಪಕ್ಷದ ನಾಯಕ ವಾಜಪೇಯಿಯವರನ್ನು ಮುಂದಾಳಾಗಿ ಕಳಿಸಿದ್ದರು. ಇಂದು ಇದನ್ನು ಹೇಳಿದರೆ ಮಕ್ಕಳು ನಂಬುವುದಿಲ್ಲ.

ನಡು ಸವೆಯಲು ಕಾರಣಗಳು ಅನೇಕ. ಒಂದನ್ನು ಮಾತ್ರ ನಾವು ಸ್ವಲ್ಪ ಬಿಡಿಸಿ ಹೇಳುತ್ತೇವೆ. 1967ರಲ್ಲಿ ಹರಿಯಾಣದ ಶಾಸಕರೊಬ್ಬರು ಎರಡು ವಾರದೊಳಗೆ ಮೂರು ಸಲ ಪಕ್ಷ ಬದಲಿಸಿದರು. ‘ಆಯಾ ರಾಮ್, ಗಯಾ ರಾಮ್’ ಎಂಬ ಮಾತು ಹುಟ್ಟಿದ್ದು ಆಗ. ಈ ಸಂತೆ ವ್ಯಾಪಾರ ನಿಲ್ಲಿಸಲು 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂದಿತು. ಉದ್ದೇಶ ಒಳ್ಳೆಯದೇ. ಆದರೆ ಅದರೊಳಗೆ ಇನ್ನೊಂದು ಕಟ್ಟು ಸೇರಿತು. ಪಕ್ಷ ವಿಪ್ ಕೊಟ್ಟ ಮೇಲೆ ಸದಸ್ಯನು ಅನುಮತಿಯಿಲ್ಲದೆ ಬೇರೆ ಮತ ಹಾಕಿದರೆ, ಸುಮ್ಮನೆ ಎದ್ದು ಹೋದರೂ ಸರಿ, ಪಕ್ಷ ಕ್ಷಮಿಸದಿದ್ದರೆ ಸದಸ್ಯತ್ವಕ್ಕೇ ಕುತ್ತು. ಸರಕಾರ ಉಳಿಯುವ, ಬೀಳುವ ಮತಕ್ಕೆ ಇದು ಇರಲಿ ಎನ್ನೋಣ. ಕಬ್ಬಿನ ಬಗೆಗೋ ಕಾಲುವೆಯ ಬಗೆಗೋ ಒಂದು ಮಸೂದೆ ಬಂದರೂ ಇದೇ ಕಟ್ಟು! ವಿಶ್ವಾಸಮತ, ಹಣಕಾಸು ಮಸೂದೆಯಂಥ ಕೆಲವಕ್ಕೆ ಮಾತ್ರ ಈ ಶಿಕ್ಷೆ ಸಾಕೆಂದು 1990ರಲ್ಲಿಯೇ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತ್ತು. ಯಾವ ಪಕ್ಷದ ಸರಕಾರವೂ ಅದನ್ನು ಮುಟ್ಟಲಿಲ್ಲ. ಯಾಕೆ ಮುಟ್ಟೀತು?

ಪರಿಣಾಮವನ್ನು ನಮ್ಮ ಕರ್ನಾಟಕವೇ ಕಂಡಿದೆ. 2019ರಲ್ಲಿ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟು ಆ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಮತ್ತೆ ಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲವೆಂದಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹಲವರು ಬೇರೆ ಚಿಹ್ನೆಯ ಮೇಲೆ ಗೆದ್ದು ಬಂದರು, ಕೆಲವರು ಮಂತ್ರಿಗಳೂ ಆದರು. ಯಾರದು ಸರಿ, ಯಾರದು ತಪ್ಪು ಎಂದು ಹೇಳಲು ನಾವು ಕುಳಿತಿಲ್ಲ. ಎಲ್ಲ ಪಕ್ಷಗಳೂ ಈ ನೀರಿನಲ್ಲಿ ಮಿಂದಿವೆ. ನಮ್ಮ ಸಂಕಟ ಬೇರೆ. ಇಡೀ ಮನೆ ಬಿಟ್ಟು ಹೋಗುವವನಿಗೆ ಹೆಬ್ಬಾಗಿಲು ತೆರೆದೇ ಇದೆ. ಮನೆಯಲ್ಲಿಯೇ ಇದ್ದು “ಈ ಒಂದು ಮಾತಿನಲ್ಲಿ ನೆರೆಯವನು ಹೇಳುವುದು ಸರಿ” ಎನ್ನುವವನಿಗೆ ಕಿಟಕಿಯೂ ಇಲ್ಲ. ಬೇಲಿ ಹಾಕಿದ್ದು ಕಳ್ಳನಿಗಾಗಿ. ಸಿಕ್ಕಿಬಿದ್ದವನು ನೆರೆಮನೆಗೆ ಮಜ್ಜಿಗೆ ಕೇಳಲು ಹೊರಟವನು.

ಊರಿಗೆ ಬರೋಣ. ಕರ್ನಾಟಕದ ಕಾನೂನಿನಂತೆ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಒಂದೇ ಬಾವಿಯ ನೀರು ಕುಡಿಯುವವರು ಬಾವುಟ ಹಿಡಿದು ಬೇರೆಯಾಗಬಾರದೆಂಬ ಆಸೆಯೇ ಅದರ ಹಿಂದಿನದು. 2020ರ ಡಿಸೆಂಬರಿನಲ್ಲಿ ಎರಡು ಹಂತಗಳಲ್ಲಿ ಆ ಚುನಾವಣೆ ನಡೆಯಿತು. ಫಲಿತಾಂಶ ಬಂದದ್ದೇ ತಡ, ಇಷ್ಟು ಸ್ಥಾನ ನಮ್ಮವು, ಅಷ್ಟು ಸ್ಥಾನ ನಮ್ಮವು ಎಂದು ಪಕ್ಷಗಳು ಲೆಕ್ಕ ಹೇಳತೊಡಗಿದವು. ಚಿಹ್ನೆ ಮತಪತ್ರದಲ್ಲಿರಲಿಲ್ಲ, ಮನಸ್ಸಿನಲ್ಲಿತ್ತು. ನಾವು ಹೇಳಿದ ಆ ಊರಿನಲ್ಲಿ ಆಶ್ರಯ ಮನೆಯ ಪಟ್ಟಿಗೆ ಹೆಸರು ಸೇರಬೇಕಾದರೆ ಮೊದಲು ಕೇಳುವುದು “ನೀ ಯಾರ ಕಡೆ?” ಎಂದಂತೆ. ಕಡೆಯೇ ಇಲ್ಲದ ಒಬ್ಬ ವಿಧವೆ ತಾಯಿ ಮೂರು ಮಳೆಗಾಲ ಸೋರುವ ಮಾಡಿನ ಕೆಳಗೆ ಕಳೆದಿದ್ದಾಳೆ. ಮೊಬೈಲು ಬಂದ ಮೇಲೆ ಜಗಳಕ್ಕೆ ಕಟ್ಟೆಯೂ ಬೇಡವಾಗಿದೆ, ಮಲಗಿದಲ್ಲಿಯೇ ಬೈಯಬಹುದು. ಕಟ್ಟೆಯ ಮೇಲಾದರೆ ಎದುರಿನವನ ಕಣ್ಣು ಕಾಣುತ್ತಿತ್ತು.

ಈಗ ನಮ್ಮ ಮಾತು. ಇದನ್ನು ಬರೆಯಲು ನಮಗೆ ಸಂಕೋಚವಿದೆ, ಆದರೂ ಬರೆಯುತ್ತೇವೆ. ಕೆಲ ವರ್ಷಗಳ ಹಿಂದೆ ಮಠದ ಜಾತ್ರೆಯ ವೇದಿಕೆಯಲ್ಲಿ ಚುನಾವಣೆಗೆ ನಿಂತಿದ್ದ ಒಬ್ಬರಿಗೆ ನಾವು ಶಾಲು ಹೊದಿಸಿ ನಾಲ್ಕು ಒಳ್ಳೆಯ ಮಾತು ಆಡಿದೆವು. ದಾಸೋಹಕ್ಕೆ ಅವರು ಕೊಟ್ಟ ಅಕ್ಕಿಯ ಋಣ ಎಂದುಕೊಂಡಿದ್ದೆವು. ಆ ವರ್ಷದಿಂದ ಕೆಲವು ಮನೆತನದವರು ತೇರಿನ ಹಗ್ಗ ಹಿಡಿಯಲು ಬರಲಿಲ್ಲ. ಮೊದಲು ನಾವು ಅವರದೇ ತಪ್ಪೆಂದುಕೊಂಡೆವು. ಆ ಹಿರಿಯರ ಜಗಲಿಯಲ್ಲಿ ಕುಳಿತಾಗ ತಿಳಿಯಿತು: ಮೇಟಿಯಾಗಿರಬೇಕಾದವರು ನಾವೇ ಒಂದು ಎತ್ತಿನ ಜೊತೆ ನಡೆಯತೊಡಗಿದ್ದೆವು. ಮುಂದಿನ ಜಾತ್ರೆಯಿಂದ ಯಾವ ಪಕ್ಷದವರು ಬಂದರೂ ಅವರಿಗೆ ಪ್ರಸಾದವಿದೆ, ಧ್ವನಿವರ್ಧಕವಿಲ್ಲ.

ಹೊರಡುವಾಗ ಆ ಹಿರಿಯರಿಗೆ, ಮುಂದಿನ ಗ್ರಾಮಸಭೆಗೆ ಬರಬೇಕೆಂದು ಹೇಳಿದೆವು. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಆ ಸಭೆ ಅಲ್ಲಿ ಹೆಚ್ಚಾಗಿ ಕಾಗದದ ಮೇಲೆಯೇ ಮುಗಿಯುತ್ತದಂತೆ. “ಎರಡೂ ಕಡಿಯವ್ರು ಕೂಡಿ ಕರದ್ರ ಬರ್ತೀನ್ರಿ, ಒಂದ ಕಡಿಯವ್ರು ಕರದ್ರ ಒಲ್ಲೆ” ಎಂದರು. ಆ ತಾಯಿಯ ಮನೆಯ ವಿಷಯವೇ ಅಂದಿನ ಮೊದಲ ಮಾತಾಗಲೆಂದು ನಾವು ಎರಡೂ ಗುಂಪಿಗೆ ಕಾಗದ ಬರೆದಿದ್ದೇವೆ. ಒಂದು ಗುಂಪಿನವರು ಮಠಕ್ಕೆ ಬಂದು ಒಪ್ಪಿಗೆ ಕೊಟ್ಟು ಹೋಗಿದ್ದಾರೆ. ಇನ್ನೊಂದು ಗುಂಪಿನ ಉತ್ತರವನ್ನು ಕಾಯುತ್ತಿದ್ದೇವೆ.