ಹಾಜರಿಯಿಲ್ಲದ ಶಾಲೆಯ ಜಮಾಖರ್ಚು

ಕಳೆದ ವರ್ಷ ಆಟಿ ತಿಂಗಳ ಒಂದು ಬೆಳಗ್ಗೆ, ಮಳೆ ಅರೆಗಳಿಗೆ ಬಿಡುವು ಕೊಟ್ಟುದನ್ನು ನೋಡಿಕೊಂಡು, ನಮ್ಮೂರಿನ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯ ಹೆಡ್ಮಾಷ್ಟ್ರು ಕಂಕುಳಲ್ಲಿ ಒಂದು ಉದ್ದನೆಯ ಪುಸ್ತಕವನ್ನೂ ಕೈಯಲ್ಲಿ ತೊಟ್ಟಿಕ್ಕುವ ಕೊಡೆಯನ್ನೂ ಹಿಡಿದು ನಮ್ಮ ಅಂಗಳಕ್ಕೆ ಬಂದರು. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆ ಅದು. ಹತ್ತು ವರ್ಷದ ನನ್ನ ಮಗಳು ಜಗಲಿಯಲ್ಲಿ ಕುಳಿತು ಭಿನ್ನರಾಶಿಯ ಲೆಕ್ಕ ಮಾಡುತ್ತಿದ್ದಳು. ಎಂಟರ ಮಗ, ಮಾಡಬೇಕಾದ ಕಾಪಿಯನ್ನು ಬದಿಗಿಟ್ಟು, ಮಾಡಿನಿಂದ ಇಳಿಯುವ ನೀರಿಗೆ ಕಾಗದದ ದೋಣಿಯನ್ನು ಒಪ್ಪಿಸುವ ಸನ್ನಾಹದಲ್ಲಿದ್ದನು. ಮಾಷ್ಟ್ರು ಇಬ್ಬರನ್ನೂ ನೋಡಿದರು, ಪುಸ್ತಕವನ್ನು ಬಿಡಿಸಿದರು, ಕನ್ನಡಕವನ್ನು ಮೇಲೇರಿಸಿದರು.

"ಎಂತ ಬರೆಯುವುದು ಮಾರಾಯ್ರೆ? ಕೂಲಿಗೆ ಹೋಗುವ ಮಕ್ಕಳು ಅಂತ ಉಂಟು, ವಲಸೆ ಹೋದವರು ಅಂತ ಉಂಟು, ಕಾಯಿಲೆಯವರು ಅಂತ ಉಂಟು. ಇವರು ಇಲ್ಲಿ ಕೂತು ಓದ್ತಾ ಇದ್ದಾರಲ್ಲ!"

ಕೊನೆಗೆ ಅವರು ಷರಾ ಎಂಬ ಕಟ್ಟಕಡೆಯ ಅಂಕಣದಲ್ಲಿ 'ಮನೆಯಲ್ಲಿ ಕಲಿಯುತ್ತಿದ್ದಾರೆ' ಎಂದು ಪೆನ್ಸಿಲಿನಲ್ಲಿ ಬರೆದರು. ಶಾಯಿಯಲ್ಲಿ ಬರೆಯಲು ಅವರಿಗೆ ಧೈರ್ಯವಾಗಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯಲ್ಲಿ ವಗ್ಗವನ್ನು ದಾಟಿ ಪುಂಜಾಲಕಟ್ಟೆಯನ್ನು ಮುಟ್ಟುವುದರೊಳಗೆ ಎಡಕ್ಕೆ ತಿರುಗುವ ಒಂದು ಮಣ್ಣುದಾರಿಯ ಕೊನೆಯಲ್ಲಿ ನಮ್ಮ ಮನೆ. ನಾನು ಬಿ.ಸಿ. ರೋಡಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಸಂಬಳ 17,000 ರೂಪಾಯಿ. ಜೊತೆಗೆ ಅರ್ಧ ಎಕರೆಯಷ್ಟು ಅಡಿಕೆ. ಮಗಳನ್ನು ಮೊದಲಿಗೆ ಎಲ್ಲರಂತೆ ಇಂಗ್ಲಿಷ್ ಮಾಧ್ಯಮದ ಶಾಲೆಯೊಂದಕ್ಕೆ ಸೇರಿಸಿದ್ದೆವು. ಅಲ್ಲಿ ತುಳು ಮಾತಾಡಿದರೆ ಐದು ರೂಪಾಯಿ ದಂಡ. ಮನೆಯಲ್ಲಿ ತುಳುವಲ್ಲದೆ ಬೇರೊಂದನ್ನರಿಯದ ಮಗು ದಿನವೂ ಬೆಳಗ್ಗೆ ವ್ಯಾನಿನ ಹಾರನ್ ಕೇಳಿದೊಡನೆ ಹೊಟ್ಟೆ ಹಿಡಿದುಕೊಂಡು ಅಳುತ್ತಿತ್ತು. ಅಷ್ಟರಲ್ಲಿ 2020 ಬಂತು. ನಾಡಿನ ಶಾಲೆಗಳೆಲ್ಲ ಬಾಗಿಲು ಹಾಕಿಕೊಂಡುವು. ವಿದ್ಯಾಗಮವೆಂಬ ಹೆಸರಿನಲ್ಲಿ ಸರಕಾರಿ ಶಿಕ್ಷಕರು ದೇವಸ್ಥಾನದ ಚಾವಡಿಗಳಲ್ಲಿ, ಮರದ ನೆರಳಿನಲ್ಲಿ, ಯಾರದೋ ಮನೆಯ ಜಗಲಿಯಲ್ಲಿ ಪಾಠ ಹೇಳತೊಡಗಿದರು. ಮೊಬೈಲಿಗೆ ಸಿಗ್ನಲ್ ಅರಸುತ್ತ ಜಿಲ್ಲೆಯ ಮಕ್ಕಳು ಗುಡ್ಡ ಹತ್ತಿದರು. ಆ ಒಂದೂವರೆ ವರ್ಷದಲ್ಲಿ ನಮ್ಮ ಮಗಳ ಹೊಟ್ಟೆನೋವು ಮಾಯವಾಗಿ, ಅವಳು ತಾನಾಗಿ ಓದಲು ಕಲಿತಳು. ಶಾಲೆ ಮತ್ತೆ ತೆರೆದಾಗ ನಾಲ್ಕು ದಿನ ಹೋದಳು, ಹೊಟ್ಟೆನೋವು ಮರಳಿತು, ನಾವು ಬಿಡಿಸಿದೆವು. ಇದರಲ್ಲಿ ದರ್ಶನವೆಂಬುದೇನೂ ಇರಲಿಲ್ಲ.

ಆದರೂ ಜನ ನಮಗೊಂದು ದರ್ಶನವನ್ನು ಆರೋಪಿಸುತ್ತಾರೆ. ಪಕ್ಕದ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ತಮ್ಮ ಮಕ್ಕಳನ್ನು ಮನೆಯಲ್ಲಿಯೇ ಕಲಿಸಲಿಲ್ಲವೆ, ಅವರ ಮಗ ಉಲ್ಲಾಸ ಕಾರಂತರು ಹುಲಿಗಳ ವಿಷಯದಲ್ಲಿ ಜಗತ್ತೇ ಕಿವಿಗೊಡುವ ವಿಜ್ಞಾನಿಯಾಗಲಿಲ್ಲವೆ ಎಂದು ಹೊಗಳುವ ಸಜ್ಜನರಿದ್ದಾರೆ. ಅವರ ಸೌಜನ್ಯಕ್ಕೆ ನಾನು ಕೃತಜ್ಞನಾದರೂ, ಆ ಹೋಲಿಕೆಯಲ್ಲಿ ಒಂದು ಅಲ್ಪ ವ್ಯತ್ಯಾಸವನ್ನು ಅವರು ಗಮನಿಸಿದಂತೆ ಕಾಣುವುದಿಲ್ಲ: ಆ ಮನೆಯಲ್ಲಿ ಕಾರಂತರು ಇದ್ದರು. ಮಕ್ಕಳಿಗೆಂದು 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ತಾನೇ ಬರೆಯಬಲ್ಲ ತಂದೆಯ ಮನೆಗೂ, ಸಂಜೆ ಏಳಕ್ಕೆ ಬಸ್ಸಿಳಿದು ಬಂದು ಕಾಲು ಚಾಚುವ ಲೆಕ್ಕಿಗನ ಮನೆಗೂ ಸಾಮ್ಯವನ್ನು ಕಲ್ಪಿಸುವುದು ಕಾರಂತರಿಗೂ ನ್ಯಾಯವಲ್ಲ, ನನ್ನ ಮಕ್ಕಳಿಗೂ ನ್ಯಾಯವಲ್ಲ.

ಲೆಕ್ಕಿಗನಾದುದರಿಂದ ಲೆಕ್ಕವನ್ನೇ ಹೇಳುತ್ತೇನೆ. ಇಬ್ಬರನ್ನೂ ಆ ಇಂಗ್ಲಿಷ್ ಶಾಲೆಗೆ ಕಳಿಸಿದ್ದರೆ ಶುಲ್ಕ, ವ್ಯಾನು, ಸಮವಸ್ತ್ರ ಎಲ್ಲ ಸೇರಿ ವರ್ಷಕ್ಕೆ ಸುಮಾರು 60,000 ರೂಪಾಯಿ. ಈಗ ಕಾಗದ, ಪುಸ್ತಕ, ಬಣ್ಣದ ಪೆನ್ಸಿಲು, ಇಂಟರ್ನೆಟ್ಟು, ತಿಂಗಳಿಗೊಂದು ತಿರುಗಾಟ ಎಂದು ತಿಂಗಳಿಗೆ 1,400, ವರ್ಷಕ್ಕೆ 16,800. ಅಂದರೆ 43,200 ರೂಪಾಯಿ ಉಳಿತಾಯವೆಂದು ನಾನು ಎರಡು ವರ್ಷಗಳ ಕಾಲ ಸಂಬಂಧಿಕರ ಮುಂದೆ ಜಂಬದಿಂದ ಹೇಳಿಕೊಂಡು ತಿರುಗಿದೆ. ಒಂದು ರಾತ್ರಿ ನನ್ನ ಹೆಂಡತಿ ಅಡುಗೆಮನೆಯ ದೀಪವಾರಿಸಿ ಬಂದು, ನನ್ನ ಲೆಕ್ಕದ ಹಾಳೆಯನ್ನು ನೋಡಿ, ಬಹಳ ಶಾಂತವಾಗಿ, "ನನ್ನ ಒಂಬತ್ತು ಸಾವಿರ ಎಲ್ಲಿ ಬರೆದಿದ್ದೀರಿ?" ಎಂದು ಕೇಳಿದಳು. ಅವಳು ಖಾಸಗಿ ಶಾಲೆಯೊಂದರಲ್ಲಿ ತಿಂಗಳಿಗೆ 9,000 ರೂಪಾಯಿಗೆ ಪಾಠ ಹೇಳುತ್ತಿದ್ದವಳು. ಇವರಿಬ್ಬರಿಗಾಗಿ ಅದನ್ನು ಬಿಟ್ಟಳು. ವರ್ಷಕ್ಕೆ 1,08,000. ಉಳಿತಾಯವನ್ನು ಕಳೆದ ಮೇಲೂ 64,800 ರೂಪಾಯಿಯ ಖೋತಾ. ನಲವತ್ತು ಮಕ್ಕಳಿಗೆ ಕಲಿಸಿದರೆ ಸಂಬಳ, ತನ್ನ ಇಬ್ಬರಿಗೆ ಕಲಿಸಿದರೆ ಅದು ಕರ್ತವ್ಯ ಎಂಬ ನನ್ನ ಖಾತೆ ಪುಸ್ತಕದ ಧರ್ಮಶಾಸ್ತ್ರವನ್ನು ಆ ರಾತ್ರಿಯಿಂದ ನಾನು ಕೈಬಿಟ್ಟೆ. ಈ ಲೇಖನದ ಮೊದಲ ಕರಡಿನಲ್ಲಿಯೂ 'ನಾವು ಕಲಿಸುತ್ತೇವೆ' ಎಂದು ಆರು ಕಡೆ ಬರೆದಿದ್ದೆ. ಐದು ಕಡೆ ಅವಳು ಅಡ್ಡಗೆರೆ ಎಳೆದಿದ್ದಾಳೆ. ಉಳಿದ ಒಂದು ಅಡಿಕೆಯ ವಿಷಯ: ಸುಲಿದ ಅಡಿಕೆಯಲ್ಲಿ ಪಟೋರ ಯಾವುದು, ಉಳ್ಳಿಗಡ್ಡೆ ಯಾವುದು, ಕರಿಗೋಟು ಯಾವುದೆಂದು ಬೇರ್ಪಡಿಸಿ, ಒಂದೊಂದರ ಧಾರಣೆಯಲ್ಲಿ ಗುಣಿಸಿ, ಒಟ್ಟು ಕೂಡಿಸುವ ಗಣಿತವನ್ನು ನಿಜಕ್ಕೂ ನಾನೇ ಕಲಿಸಿದ್ದು.

ಇಷ್ಟು ಅಲ್ಪ ಹಣದಲ್ಲಿ ಮನೆಯ ಕಲಿಕೆ ಹೇಗೆ ನಡೆಯುತ್ತದೆ ಎಂದು ಕೇಳಿದರೆ, ಅದು ಮನೆಯಿಂದ ನಡೆಯುವುದೇ ಇಲ್ಲ, ಊರಿನಿಂದ ನಡೆಯುತ್ತದೆ ಎನ್ನಬೇಕಾಗುತ್ತದೆ. ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರವೆಂಬ ಹೆಸರು. 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭವಾದಂದಿನಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಅಲ್ಲಿಂದ ತಂದ ಪಂಜೆ ಮಂಗೇಶರಾಯರ ಕತೆಗಳನ್ನು ಓದಿದ ಮಗ, ಅವರು 1874ರಲ್ಲಿ ಹುಟ್ಟಿದ್ದು ನಾವು ಮೀನು ತರಲು ಹೋಗುವ ಬಂಟ್ವಾಳದಲ್ಲಿಯೇ ಎಂದು ತಿಳಿದಾಗ, ಪುಸ್ತಕ ಬರೆಯುವವರು ಹೀಗೆ ಬಸ್ಸು ಹೋಗುವ ಊರುಗಳಲ್ಲಿಯೂ ಹುಟ್ಟುತ್ತಾರೆಯೆ ಎಂದು ವಿಸ್ಮಯಪಟ್ಟನು. ಸರಕಾರದ ಪಠ್ಯಪುಸ್ತಕಗಳು ಜಾಲತಾಣದಲ್ಲಿ ಧರ್ಮಕ್ಕೆ ಸಿಗುತ್ತವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ದೆಸೆಯಿಂದ ತಾಯಿಗೂ ಮಗಳಿಗೂ ಧರ್ಮಸ್ಥಳದ ಕಡೆಯ ಸರಕಾರಿ ಬಸ್ಸಿನಲ್ಲಿ ಟಿಕೇಟಿಗೆ ಹಣವಿಲ್ಲ. ಆದರೆ ಬಂಟ್ವಾಳದಿಂದ ಸಿದ್ದಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಹೋಗಬೇಕಾದರೆ ಹೆಚ್ಚಾಗಿ ಖಾಸಗಿ ಬಸ್ಸುಗಳೇ ಗತಿಯಾದುದರಿಂದ, ಇತಿಹಾಸದ ಪಾಠಕ್ಕೆ ಭೂಗೋಳಕ್ಕಿಂತ ಖರ್ಚು ಹೆಚ್ಚು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಖಾತೆಯಲ್ಲಿ ಕಂಡುದನ್ನು ಹೇಳುತ್ತಿದ್ದೇನೆ.

ಆ ಖರ್ಚನ್ನು ಮಾಡಿಕೊಂಡು ಹೋದ ಒಂದು ದಿನವನ್ನು ಮಾತ್ರ ಮರೆಯಲಾರೆ. ಬಾಳೆಯೆಲೆಯಲ್ಲಿ ಪುಂಡಿ ಕಟ್ಟಿಕೊಂಡು ನಾಲ್ವರೂ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದೆವು. 1430ರ ಆ ಕಟ್ಟಡದಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲವೆಂದು ಮಗಳು ಎಲ್ಲಿಯೋ ಓದಿದ್ದಳು. ಅದನ್ನು ಪರೀಕ್ಷಿಸಲು ರೂಲು ಹಾಕದ ಪುಸ್ತಕವೊಂದನ್ನು ತಂದಿದ್ದಳು. ಮಗನಿಗೆ ವಿನ್ಯಾಸದ ಗೊಡವೆಯಿಲ್ಲ. ಸಾವಿರವೆಂದರೆ ಸಾವಿರವೇ ಇದೆಯೆ ಎಂಬುದು ಅವನ ಪ್ರಶ್ನೆ. ಎಣಿಸುತ್ತ ಹೋದನು, ಮೂಲೆ ತಿರುಗಿದಾಗ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದನು. ಮೂರನೆಯ ಸಲ ತಪ್ಪಿದಾಗ ಅಳು ಬಂತು. ಆಗ ತಾಯಿ ಜಗಲಿಯ ಹೊರಗೆ ಬಿದ್ದಿದ್ದ ಸಣ್ಣ ಹರಳುಕಲ್ಲುಗಳನ್ನು ಆಯ್ದುಕೊಟ್ಟು, ಕಂಬಕ್ಕೊಂದು ಕಲ್ಲನ್ನು ಕಿಸೆಗೆ ಹಾಕಿಕೋ ಎಂದಳು. ಸಂಖ್ಯೆಗಳು ಹುಟ್ಟುವ ಮುನ್ನ ಮನುಷ್ಯನು ತನ್ನ ದನಗಳನ್ನು ಎಣಿಸಿದ ಬಗೆ ಪ್ರಾಯಶಃ ಅದೇ ಇರಬೇಕು. ಕಿಸೆ ತುಂಬಿ ಚಡ್ಡಿ ಜಾರುವ ಹೊತ್ತಿಗೆ ಕೊನೆಯ ಬಸ್ಸಿನ ಸಮಯವಾಯಿತು; ಬಸದಿಯ ಕಂಬಗಳೆಷ್ಟೆಂಬುದು ಇಂದಿಗೂ ನಮ್ಮ ಮನೆಯಲ್ಲಿ ತೀರ್ಮಾನವಾಗದ ವ್ಯಾಜ್ಯ. ಮಗಳ ಪುಸ್ತಕದಲ್ಲಿ ಹನ್ನೊಂದು ಕಂಬಗಳಿವೆ. ಹನ್ನೊಂದೂ ಬೇರೆ ಬೇರೆ.

ಇದನ್ನು ಕೇಳಿ ಪಟ್ಟಣದ ಓದುಗರು ಸಂತೋಷಪಡಬಹುದು. ನನ್ನ ತಾಯಿ ಸಂತೋಷಪಡುವುದಿಲ್ಲ. ಅವರು ಏಳನೆಯ ವಯಸ್ಸಿಗೆ ಬೀಡಿ ಕಟ್ಟುವ ತಡ್ಪೆಯನ್ನು, ಎಂದರೆ ಮೊರವನ್ನು, ಮಡಿಲಿಗೆ ಎಳೆದುಕೊಂಡವರು; ಇಪ್ಪತ್ತೈದು ಬೀಡಿಗೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಒಂದು ಸಾವಿರ ಎಂಬ ಗಣಿತವನ್ನು ಕಲಿತದ್ದು ಹಾಗೆ. ಅಂದಿನ ಬಂಟ್ವಾಳ ಬೆಳ್ತಂಗಡಿಯ ಹಳ್ಳಿಗಳಲ್ಲಿ 'ಮನೆಯಲ್ಲಿ ಉಳಿದ ಮಗು' ಎಂದರೆ ಅರ್ಥ ಒಂದೇ ಆಗಿತ್ತು. ಹಾಗಾಗಿ ಮೊಮ್ಮಕ್ಕಳು ಜಗಲಿಯಲ್ಲಿ ಕುಳಿತು ಓದುವುದನ್ನು ಅವರು ಕಂಡಾಗಲೆಲ್ಲ, "ನನಗೆ ಶಾಲೆ ಸಿಗಲಿಲ್ಲ, ಇವರಿಗೆ ಸಿಕ್ಕಿದ್ದನ್ನು ನೀವು ಬೇಡ ಅಂದಿರಿ" ಎನ್ನುತ್ತಾರೆ. ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತರ ಮಕ್ಕಳಿಗಾಗಿ ಶಾಲೆ ತೆರೆದಾಗ ಸ್ವಜಾತಿಯವರಿಂದ ಉಂಡ ಬಹಿಷ್ಕಾರವನ್ನೂ ಅವಮಾನವನ್ನೂ ನೆನೆದರೆ, ಶಾಲೆಯ ಬಾಗಿಲೆಂಬುದು ಈ ಜಿಲ್ಲೆಯಲ್ಲಿ ಎಷ್ಟು ಜನರ ಬೆವರಿನಿಂದ ತೆರೆದದ್ದು ಎಂಬುದು ತಿಳಿಯುತ್ತದೆ. ಅದರ ಮುಂದೆ ನಿಂತು 'ನಮಗೆ ಬೇಡ' ಎನ್ನುವವನು ತುಸು ಮೆಲ್ಲಗೆ ಹೇಳಬೇಕು.

ಇನ್ನು ಹೆಡ್ಮಾಷ್ಟ್ರ ಸಂಕಟ. ಅವರ ಶಾಲೆಯಲ್ಲಿ ಈಗ ಉಳಿದಿರುವ ಮಕ್ಕಳು ಹತ್ತೊಂಬತ್ತು. ಸಂಖ್ಯೆ ಇನ್ನೂ ಕುಸಿದರೆ ಇರುವ ಇಬ್ಬರು ಶಿಕ್ಷಕರಲ್ಲಿ ಒಬ್ಬರನ್ನು 'ಹೆಚ್ಚುವರಿ' ಎಂದು ಬೇರೆಡೆಗೆ ಕಳಿಸುವರೆಂಬ ಭಯ ಅವರಿಗೆ. ನಮ್ಮ ಇಬ್ಬರು ಸೇರಿದ್ದರೆ ಇಪ್ಪತ್ತೊಂದಾಗುತ್ತಿತ್ತು. ಇಂಗ್ಲಿಷ್ ಶಾಲೆಯಿಂದ ಬಿಡಿಸಿದಾಗ ಮಗಳನ್ನು ಏಕೆ ಇಲ್ಲಿಗೇ ಕಳಿಸಲಿಲ್ಲವೆಂದು ಅವರು ಕೇಳಲಿಲ್ಲ. ಕೇಳಿದ್ದರೆ, ಐದು ತರಗತಿಗಳಿಗೆ ಇಬ್ಬರು ಮಾಷ್ಟ್ರುಗಳು, ಅವರಲ್ಲೊಬ್ಬರು ಸದಾ ಗಣತಿ, ತರಬೇತಿ, ಬಿಸಿಯೂಟದ ಲೆಕ್ಕಗಳಲ್ಲಿ ಮಗ್ನರು ಎಂಬ ಸತ್ಯವನ್ನು ಹೇಳಬೇಕಾಗುತ್ತಿತ್ತು, ಮತ್ತು ಆ ಸ್ಥಿತಿಗೆ ನಮ್ಮಂಥವರು ಬಿಟ್ಟುಹೋದದ್ದೂ ಒಂದು ಕಾರಣವೆಂಬ ಸತ್ಯವನ್ನೂ.

ಕಾನೂನಿನ ಮಾತು ವಿಚಿತ್ರವಾಗಿದೆ. 2002ರ ತಿದ್ದುಪಡಿಯಿಂದ ಸಂವಿಧಾನವು ಆರರಿಂದ ಹದಿನಾಲ್ಕರವರೆಗಿನ ಮಕ್ಕಳಿಗೆ ಶಿಕ್ಷಣದ ಅವಕಾಶವನ್ನು ಒದಗಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಒಂದು ಹೆಜ್ಜೆ ಮುಂದೆ ಹೋಗಿ ನೆರೆಯ ಶಾಲೆಗೆ ಸೇರಿಸಬೇಕೆನ್ನುತ್ತದೆ. ಸೇರಿಸದ ತಂದೆತಾಯಿಗೆ ಅದೇ ಕಾಯಿದೆ ಯಾವ ದಂಡವನ್ನೂ ವಿಧಿಸುವುದಿಲ್ಲ. ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳಬಹುದು; 1989ರಿಂದ ಆ ವ್ಯವಸ್ಥೆ ಇದೆ. ಹೀಗೆ ಕೊನೆಯ ಬಾಗಿಲು ತೆರೆದಿದೆ, ನಡುವಿನ ಎಂಟು ವರ್ಷ ಮಾತ್ರ ಮಗು ಒಳಗೂ ಅಲ್ಲ, ಹೊರಗೂ ಅಲ್ಲ, ಪೆನ್ಸಿಲಿನಲ್ಲಿ ಬರೆದ ಷರಾ.

ಸರಕಾರವು ಮನೆಯ ಕಲಿಕೆಗೆ ಹಣ ಕೊಡಬೇಕೆಂದು ನಾನು ಕೇಳುವುದಿಲ್ಲ. ಹಾಗೆ ಕೊಟ್ಟರೆ ಆ ಹಣ ಯಾವ ತಡ್ಪೆಯ ಮುಂದೆ ಮಗುವನ್ನು ಕೂರಿಸೀತೆಂಬುದು ನನ್ನ ತಾಯಿಗೆ ಚೆನ್ನಾಗಿ ಗೊತ್ತು. ನಾನು ಕೇಳುವುದು ಹಾಜರಿ ಪುಸ್ತಕದಲ್ಲಿ ಇನ್ನೊಂದು ಅಂಕಣ. ಮನೆಯಲ್ಲಿ ಕಲಿಯುವ ಮಗುವಿನ ಹೆಸರು ಊರಿನ ಶಾಲೆಯಲ್ಲಿಯೇ ಇರಲಿ. ವಾರಕ್ಕೆ ಒಂದೆರಡು ದಿನ ಅದು ಅಲ್ಲಿಗೆ ಬರಲಿ, ಆಟವಾಡಲಿ, ಪ್ರಯೋಗ ನೋಡಲಿ, ಊಟ ಮಾಡಲಿ. ವರ್ಷಕ್ಕೊಮ್ಮೆ ಅದೇ ಮಾಷ್ಟ್ರು ಅದರ ಓದುಬರಹವನ್ನು ಪರೀಕ್ಷಿಸಿ, ಮನೆಯವರು ಕಳ್ಳಾಟ ಆಡುತ್ತಿದ್ದರೆ ಕಿವಿ ಹಿಂಡಲಿ. ಪ್ರತಿಯಾಗಿ ನಮ್ಮಂಥ ಪೋಷಕರು ತಿಂಗಳಿಗೆ ನಾಲ್ಕು ಗಂಟೆ ಆ ಶಾಲೆಗೆ ದುಡಿಯಲಿ. ಅಡಿಕೆಯ ಗಣಿತವನ್ನು ಇಬ್ಬರಿಗೆ ಹೇಳುವ ಬದಲು ಇಪ್ಪತ್ತೊಂದು ಮಕ್ಕಳಿಗೆ ಹೇಳುವುದು ನನಗೇನೂ ಭಾರವಲ್ಲ. ಶಿಸ್ತು ಕೆಡುತ್ತದೆ, ಎಲ್ಲರೂ ಹೀಗೆಯೇ ಕೇಳುತ್ತಾರೆ ಎಂದು ಅಧಿಕಾರಿಗಳು ಹೇಳಿಯಾರು. ನನ್ನ ಅನುಭವದಲ್ಲಿ ಇದನ್ನು ಯಾರೂ ಸುಲಭವಾಗಿ ಕೇಳುವುದಿಲ್ಲ. 64,800 ರೂಪಾಯಿಯ ಖೋತಾ ಸಾಕಷ್ಟು ಶಿಸ್ತನ್ನು ಕಲಿಸುತ್ತದೆ.

ಅಂಕಣ ಬರುವವರೆಗೆ ಕಾಯಲಾರದೆ, ಈ ವರ್ಷ ಜೂನಿನಿಂದ ಮಾಷ್ಟ್ರ ಬಾಯಿಮಾತಿನ ಅಪ್ಪಣೆಯ ಮೇಲೆ ಶನಿವಾರಗಳಂದು ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದೇವೆ. ಮೊದಲ ಶನಿವಾರ ಮಗಳು ತನ್ನ ಹನ್ನೊಂದು ಕಂಬಗಳನ್ನು ತೋರಿಸಲೆಂದು ಪುಸ್ತಕವನ್ನು ಎದೆಗವಚಿಕೊಂಡು ಹೋದಳು. ಮಧ್ಯಾಹ್ನ ಇಬ್ಬರೂ ಗದ್ದೆಯ ಹುಣಿಯಲ್ಲಿ ಓಡುತ್ತ ಬಂದರು. ಮುಂದೆ ಮಗ, ಅವನ ಹಿಂದೆ ಅಕ್ಕ. ಕಂಬಗಳ ವಿಚಾರವನ್ನು ಕೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಏದುಸಿರಿನಲ್ಲಿಯೇ, "ಅಪ್ಪ, ಅಲ್ಲಿ ಮಕ್ಕಳಿಗೆ ಮೊಟ್ಟೆ ಕೊಡ್ತಾರಂತೆ! ಅಮ್ಮನ ಶಾಲೆಯಲ್ಲಿ ಯಾಕೆ ಕೊಡುವುದಿಲ್ಲ?" ಎಂದನು. ಒಳಗಿನಿಂದ ಸೌಟು ಪಾತ್ರೆಗೆ ತಾಗಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಎಣ್ಣೆ ಕಾದ ವಾಸನೆಯೂ ಬಂತು. ಆ ರಾತ್ರಿ ಖಾತೆಯಲ್ಲಿ 'ಮೊಟ್ಟೆ, 2' ಎಂದು ಬರೆದು, ಅದನ್ನು ಶಿಕ್ಷಣದ ಬಾಬತ್ತಿಗೆ ಹಾಕಬೇಕೋ ಅಡುಗೆಯ ಬಾಬತ್ತಿಗೋ ಎಂದು ಬಹಳ ಹೊತ್ತು ಕುಳಿತಿದ್ದೆನು.